ಕಾಲಡಿಯ ಭೂಗೋಳ

ಗಂಗಾವತಿ ಸೀಮೆಯ ಶಾಲಾ ಮಗುವೊಂದನ್ನು ಕಾಲುವೆಯ ನೀರು ಎಲ್ಲಿಂದ ಬರುತ್ತದೆ ಎಂದು ಕೇಳಿದರೆ ‘ಡ್ಯಾಮಿನಿಂದ’ ಎಂದೀತು. ಶೃಂಗೇರಿಯ ಅಥವಾ ಕಳಸದ ಕಡೆಯ ಮಗುವನ್ನು ಮನೆಯ ಮುಂದಿನ ಹಳ್ಳದ ನೀರು ಎಲ್ಲಿಗೆ ಹೋಗುತ್ತದೆ ಎಂದು ಕೇಳಿದರೆ ‘ಹೊಳೆಗೆ’ ಎಂದೀತು. ಎರಡು ಉತ್ತರಗಳೂ ತಪ್ಪಲ್ಲ. ಆದರೆ ಅವೆರಡರ ನಡುವೆ ಒಂದು ಇಡೀ ನದಿಯೇ ಕಾಣೆಯಾಗಿದೆ. ಗಂಗಾಮೂಲದಲ್ಲಿ ಹುಟ್ಟಿದ ತುಂಗೆ ಶೃಂಗೇರಿ, ತೀರ್ಥಹಳ್ಳಿಗಳನ್ನು ಹಾದು, ಅಲ್ಲಿಯೇ ಹುಟ್ಟಿದ ಭದ್ರೆ ಕಳಸ, ಬಾಳೆಹೊನ್ನೂರುಗಳನ್ನು ಹಾದು, ಶಿವಮೊಗ್ಗದ ಬಳಿಯ ಕೂಡಲಿಯಲ್ಲಿ ಒಂದಾಗಿ ಬಯಲಿಗಿಳಿಯುತ್ತವೆ. ಮಲೆನಾಡಿನ ಆ ಮಳೆಯೇ ಮುನಿರಾಬಾದಿನ ಅಣೆಕಟ್ಟೆಯ ಹಿಂದೆ ನಿಂತು, ಎಡದಂಡೆ ಕಾಲುವೆಯಲ್ಲಿ ಹರಿದು, ಗಂಗಾವತಿಯ ಭತ್ತವಾಗುತ್ತದೆ. ಈ ಸಂಬಂಧವನ್ನು ಅರಿಯದ ಮಕ್ಕಳೇ ಏಳು ಖಂಡಗಳ ಹೆಸರನ್ನು ತಡವರಿಸದೆ ಹೇಳಬಲ್ಲರು. ನಮ್ಮ ಪ್ರಾಥಮಿಕ ಶಾಲೆಗಳಲ್ಲಿ ಭೂಗೋಳವೆಂಬ ವಿಷಯ ತಲುಪಿರುವ ಸ್ಥಿತಿ ಇದು.

ಕಲಿಕೆಯನ್ನು ಮಗುವಿನ ಸುತ್ತಲಿನ ಬದುಕಿಗೆ ಜೋಡಿಸಬೇಕೆಂಬ ಮಾತು ಹೊಸದಲ್ಲ. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಅದನ್ನೇ ಮೊದಲ ತತ್ತ್ವವಾಗಿ ಇಟ್ಟುಕೊಂಡಿತು. ಅದಕ್ಕೂ ಹತ್ತು ವರ್ಷ ಮೊದಲೇ, 1995ರಲ್ಲಿ, ಹೆಗ್ಗಡದೇವನಕೋಟೆಯ ಶಿಕ್ಷಕರು ‘ನಲಿ-ಕಲಿ’ಯನ್ನು ಆರಂಭಿಸಿ, ಮಗು ತನ್ನ ವೇಗದಲ್ಲಿ, ಕೈಯಿಂದ ಮಾಡಿ ಕಲಿಯಬಲ್ಲದೆಂದು ತೋರಿಸಿದ್ದರು. ಆದರೂ ನಾಲ್ಕನೆಯ, ಐದನೆಯ ತರಗತಿಗಳಿಗೆ ಬರುವ ಹೊತ್ತಿಗೆ ಭೂಗೋಳವು ಗೋಡೆಯ ಮೇಲಿನ ನಕ್ಷೆಯಾಗಿ, ಬಿಟ್ಟ ಸ್ಥಳ ತುಂಬುವ ಅಭ್ಯಾಸವಾಗಿ ಕುಗ್ಗಿಬಿಡುತ್ತದೆ. ಕಿಟಕಿಯಾಚೆ ಕಾಣುವ ಗುಡ್ಡಕ್ಕೆ ಪಾಠದಲ್ಲಿ ಸ್ಥಾನವಿಲ್ಲ.

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಎಂಬ ನಾಲ್ಕು ತಾಲ್ಲೂಕುಗಳನ್ನು ರಾಯಚೂರಿನಿಂದ ಬೇರ್ಪಡಿಸಿ 1997ರಲ್ಲಿ ಕೊಪ್ಪಳ ಜಿಲ್ಲೆಯನ್ನು ರಚಿಸಲಾಯಿತು. ಮುಂದೆ ಕಾರಟಗಿ, ಕನಕಗಿರಿ, ಕುಕನೂರು ತಾಲ್ಲೂಕುಗಳೂ ಸೇರಿ ಈಗ ಏಳಾಗಿವೆ. ಗಡಿ ಎಂಬುದು ಮನುಷ್ಯರು ಎಳೆಯುವ ಗೆರೆ, ಬೆಟ್ಟ ಮತ್ತು ಹಳ್ಳಗಳು ಎಳೆದ ಗೆರೆ ಬೇರೆಯದೇ ಎಂಬ ಸಂಗತಿಯನ್ನು ಕಲಿಸಲು ಇದಕ್ಕಿಂತ ಹತ್ತಿರದ ಉದಾಹರಣೆ ಬೇಡ. ಅಜ್ಜ ಹುಟ್ಟಿದ್ದು ಹೈದರಾಬಾದ್ ಸಂಸ್ಥಾನದಲ್ಲಿ, ಅಪ್ಪ ಓದಿದ್ದು ರಾಯಚೂರು ಜಿಲ್ಲೆಯಲ್ಲಿ, ಮಗು ಓದುತ್ತಿರುವುದು ಕೊಪ್ಪಳ ಜಿಲ್ಲೆಯಲ್ಲಿ. ಮನೆ ಮಾತ್ರ ಇದ್ದಲ್ಲಿಯೇ ಇದೆ. ಇನ್ನೂ ಹಿಂದಕ್ಕೆ ಹೋದರೆ, ಒಂಬತ್ತನೆಯ ಶತಮಾನದ ‘ಕವಿರಾಜಮಾರ್ಗ’ವು ತಿರುಳ್ಗನ್ನಡದ ನಾಡನ್ನು ಗುರುತಿಸಲು ಹೆಸರಿಸಿದ ನಾಲ್ಕು ಊರುಗಳಲ್ಲಿ ಕಿಸುವೊಳಲು, ಪುಲಿಗೆರೆ, ಒಂಕುಂದಗಳ ಜೊತೆಗೆ ಕೊಪಣವೂ ಒಂದು. ಅಂದರೆ ಕನ್ನಡದಲ್ಲಿ ಉಳಿದು ಬಂದಿರುವ ಅತಿ ಹಳೆಯ ಕೃತಿಯಲ್ಲಿಯೇ ಈ ಊರು ನಕ್ಷೆಯ ಒಂದು ಗುರುತುಕಲ್ಲು.

ಕಲ್ಲಿನ ಮಾತು ಬಂದಿತು. ಆನೆಗೊಂದಿಯ ಸುತ್ತಲಿನ ಬಂಡೆಗುಡ್ಡಗಳ ಗ್ರಾನೈಟ್ ಶಿಲೆಗೆ ಸುಮಾರು 250 ಕೋಟಿ ವರ್ಷಗಳ ವಯಸ್ಸು. ಭೂಮಿಯ ಆಳದಲ್ಲಿ ಗಟ್ಟಿಗೊಂಡ ಕಲ್ಲು, ಮೇಲಿನ ಹೊದಿಕೆ ಸವೆದು ಹೋದಂತೆ ಭಾರ ಕಳೆದುಕೊಂಡು ಬಿರಿಯಿತು. ಬಿರುಕುಗಳಲ್ಲಿ ನೀರಿಳಿದು ಅಂಚುಗಳು ಸವೆದು ಗುಂಡುಗಳಾದವು. ಇದೇ ಕಲ್ಲು ಪದರು ಪದರಾಗಿ ಏಳುವ ಗುಣವನ್ನು ಬಲ್ಲ ಜನ ಎರಡು ಸಾವಿರ ವರ್ಷಗಳಿಗೂ ಹಿಂದೆ ಹಿರೇಬೆಣಕಲ್ಲಿನ ಗುಡ್ಡದ ಮೇಲೆ ಚಪ್ಪಡಿಗಳನ್ನು ನಿಲ್ಲಿಸಿ ಶಿಲಾಸಮಾಧಿಗಳನ್ನು ಕಟ್ಟಿದರು. 2021ರಲ್ಲಿ ಯುನೆಸ್ಕೋದ ವಿಶ್ವ ಪರಂಪರೆಯ ತಾತ್ಕಾಲಿಕ ಪಟ್ಟಿಗೆ ಈ ತಾಣ ಸೇರಿದೆ. ಚಪ್ಪಡಿ ತೆಗೆದ ಜಾಗದಲ್ಲಿ ಮಳೆನೀರು ನಿಲ್ಲುವ ಕೊಳವೂ ಅಲ್ಲಿದೆ. ಶಿಲಾ ಶಿಥಿಲೀಕರಣ ಎಂಬ ನಾಲಿಗೆ ತೊಡರುವ ಪದವನ್ನು ಐದನೆಯ ತರಗತಿಯ ಮಗು ಪುಸ್ತಕದಿಂದ ಉರುಹೊಡೆಯುವುದಕ್ಕಿಂತ ಆ ಗುಡ್ಡದ ಮೇಲೆ ಒಂದು ಮುಂಜಾನೆ ಕಳೆಯುವುದು ಮೇಲು. ಶಾಲೆಗಳಿಂದ ಪ್ರವಾಸಗಳು ನಡೆಯುತ್ತವೆ, ನಿಜ. ಬಸ್ಸಿನಿಂದ ಇಳಿದು, ಸಾಲಾಗಿ ನಿಂತು, ಚಿತ್ರ ತೆಗೆಸಿಕೊಂಡು ಹತ್ತುವ ಪ್ರವಾಸದಿಂದ ಕಲ್ಲು ಮಾತನಾಡುವುದಿಲ್ಲ.

ಆದರೆ ಈ ಸೀಮೆಯಲ್ಲಿ ಕಲ್ಲಿನ ಪಾಠ ಕೇವಲ ಕುತೂಹಲದ ವಿಷಯವಾಗಿ ಉಳಿಯುವುದಿಲ್ಲ. ಕುಷ್ಟಗಿ, ಯಲಬುರ್ಗಾ ತಾಲ್ಲೂಕುಗಳ ಅನೇಕ ಹಳ್ಳಿಗಳ ಕೊಳವೆಬಾವಿಗಳಲ್ಲಿ ಫ್ಲೋರೈಡ್ ಅಂಶ ಮಿತಿ ಮೀರಿದೆ. ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 1 ಮಿಲಿಗ್ರಾಂ ಮೀರಬಾರದು, ಬೇರೆ ಮೂಲವೇ ಇಲ್ಲದಿದ್ದಲ್ಲಿ 1.5 ಮಿಲಿಗ್ರಾಂ ತನಕ ಸಹಿಸಬಹುದು ಎಂಬುದು ಭಾರತೀಯ ಮಾನಕ. ಫ್ಲೋರೈಡ್ ಯಾವ ಕಾರ್ಖಾನೆಯಿಂದಲೂ ಇಲ್ಲಿಗೆ ಬಂದುದಲ್ಲ. ಗ್ರಾನೈಟ್ ಮತ್ತು ನೈಸ್ ಶಿಲೆಗಳ ಖನಿಜಗಳಲ್ಲಿಯೇ ಇದ್ದು, ಬಂಡೆಯ ಬಿರುಕುಗಳಲ್ಲಿ ಬಹುಕಾಲ ನಿಂತ ನೀರಿಗೆ ಕರಗಿ ಸೇರುತ್ತದೆ. ತೆರೆದ ಬಾವಿಯ ಮೇಲುನೀರು ಬತ್ತಿ, ಕೊಳವೆಬಾವಿ ಆಳಕ್ಕೆ ಇಳಿದಂತೆಲ್ಲ ಇಂತಹ ಹಳೆಯ ನೀರು ಮೇಲೆ ಬರುತ್ತದೆ. ಹಾಲುಹಲ್ಲು ಬಿದ್ದು ಹುಟ್ಟುವ ಹಲ್ಲು ಒಸಡಿನೊಳಗೆ ರೂಪುಗೊಳ್ಳುವ ವರ್ಷಗಳಲ್ಲಿ ಈ ನೀರು ಕುಡಿದ ಮಗುವಿನ ಹಲ್ಲಿನ ಮೇಲೆ ಕಂದು ಪಟ್ಟೆಗಳು ಮೂಡುತ್ತವೆ. ದೀರ್ಘಕಾಲ ಕುಡಿದವರ ಎಲುಬು, ಕೀಲುಗಳೂ ಬಿಗಿಯುತ್ತವೆ. ಹಲ್ಲು ಉಜ್ಜದ ಸೋಮಾರಿತನವೆಂದು ಬೈಸಿಕೊಂಡ ಮಕ್ಕಳೆಷ್ಟೋ. ಅದು ಸೋಮಾರಿತನವಲ್ಲ, ಭೂಗರ್ಭದ ಬರೆಹ ಎಂದು ಆ ಮಗುವಿಗೆ ತಿಳಿಯುವುದು ಅದರ ಹಕ್ಕು. ಇದನ್ನು ತಿಳಿಸುವಾಗ ಯಾವ ಮಗುವಿನ ಬಾಯಿಯನ್ನೂ ತರಗತಿಯ ಮುಂದೆ ತೆರೆಸಬಾರದು ಎಂಬ ಎಚ್ಚರವೂ ಶಿಕ್ಷಕರಿಗೆ ಇರಬೇಕು.

ಕಾಯಿಲೆಯ ಭೂಗೋಳ ತಿಳಿದರೆ ಪರಿಹಾರದ ಭೂಗೋಳವೂ ತಾನಾಗಿ ತೆರೆದುಕೊಳ್ಳುತ್ತದೆ. ಮಳೆನೀರಿನಲ್ಲಿ ಫ್ಲೋರೈಡ್ ಇಲ್ಲವೆನ್ನುವಷ್ಟು ಕಡಿಮೆ. ಕೊಪ್ಪಳ ಜಿಲ್ಲೆಯ ವಾರ್ಷಿಕ ಮಳೆ 600 ಮಿಲಿಮೀಟರಿನ ಆಸುಪಾಸು. ಏಳು ಸಾವಿರ ಮಿಲಿಮೀಟರ್ ಮೀರುವ ಆಗುಂಬೆಯ ಮಗುವಿಗೆ ಇದು ಮಳೆಯೇ ಅಲ್ಲವೆನಿಸಬಹುದು. ಆದರೆ ಒಂದು ಚದರ ಮೀಟರಿನ ಮೇಲೆ ಬಿದ್ದ ಒಂದು ಮಿಲಿಮೀಟರ್ ಮಳೆ ಎಂದರೆ ಒಂದು ಲೀಟರ್ ನೀರು. ಹತ್ತು ಮೀಟರ್ ಉದ್ದ, ಹತ್ತು ಮೀಟರ್ ಅಗಲದ ಶಾಲೆಯ ತಾರಸಿಯ ಮೇಲೆ ವರ್ಷವೊಂದಕ್ಕೆ 60,000 ಲೀಟರ್ ಬೀಳುತ್ತದೆ. ಈ ಲೆಕ್ಕವನ್ನು ಐದನೆಯ ತರಗತಿಯ ಮಕ್ಕಳೇ ಮಾಡಬಲ್ಲರು. ಸಪಾಟು ತಳದ ನೇರ ಬಾಟಲಿಯೊಂದಕ್ಕೆ ಅಳತೆಪಟ್ಟಿ ಅಂಟಿಸಿ ಅಂಗಳದಲ್ಲಿ ಇಟ್ಟರೆ ಮಳೆಮಾಪಕವೂ ಆಯಿತು. ಕರ್ನಾಟಕ ಏಕೀಕರಣದ ಸುವರ್ಣ ವರ್ಷದ ಸಂದರ್ಭದಲ್ಲಿ, 2006ರ ಸುಮಾರಿಗೆ, ‘ಸುವರ್ಣಜಲ’ ಎಂಬ ಹೆಸರಿನಲ್ಲಿ ಗ್ರಾಮೀಣ ಶಾಲೆಗಳಿಗೆ ತಾರಸಿ ಮಳೆನೀರಿನ ತೊಟ್ಟಿಗಳನ್ನು ಕಟ್ಟಿಸಿಕೊಡಲಾಯಿತು. ಎಷ್ಟೋ ಕಡೆ ಪೈಪು ಒಡೆದು, ತೊಟ್ಟಿ ಕಸದ ಗುಂಡಿಯಾಯಿತು. ಕಟ್ಟಿದವರು ಗುತ್ತಿಗೆದಾರರು, ಅದು ಏಕೆ ಬೇಕೆಂದು ಶಾಲೆಯೊಳಗಿನ ಯಾರಿಗೂ ಪಾಠವಾಗಿರಲಿಲ್ಲ. ತೊಟ್ಟಿ ಬೇರೆ, ಪರಿಸರ ಅಧ್ಯಯನದ ಪುಸ್ತಕ ಬೇರೆ ಎಂಬಂತೆ ಒಂದೇ ಅಂಗಳದಲ್ಲಿ ಎರಡೂ ಇದ್ದವು.

ಅಕ್ಷಾಂಶ, ರೇಖಾಂಶಗಳ ಪಾಠವೂ ಹೀಗೆಯೇ ಅಂಗಳಕ್ಕೆ ಬರಬಲ್ಲದು. ಕೊಪ್ಪಳವು ಸುಮಾರು 15.35 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಆದ್ದರಿಂದ ವರ್ಷದಲ್ಲಿ ಎರಡು ಬಾರಿ, ಮೇ ತಿಂಗಳ ಮೊದಲ ದಿನಗಳಲ್ಲಿ ಮತ್ತು ಆಗಸ್ಟ್ ಎರಡನೆಯ ವಾರದಲ್ಲಿ, ಸೂರ್ಯ ಅಲ್ಲಿ ನೇರ ನೆತ್ತಿಯ ಮೇಲೆ ಬರುತ್ತಾನೆ. ನೆಟ್ಟ ಕೋಲಿನ ನೆರಳು ಕೋಲಿನ ಬುಡದಲ್ಲಿಯೇ ಅಡಗುತ್ತದೆ. ಅದು ಗಡಿಯಾರದ ಹನ್ನೆರಡಕ್ಕಲ್ಲ, ಆಗಸ್ಟಿನಲ್ಲಿ ಹನ್ನೆರಡೂವರೆಯ ಹೊತ್ತಿಗೆ. ಭಾರತದ ಗಡಿಯಾರ 82.5 ಡಿಗ್ರಿ ಪೂರ್ವ ರೇಖಾಂಶವನ್ನು ನಂಬಿದೆ, ಕೊಪ್ಪಳ ಅದಕ್ಕಿಂತ ಆರು ಡಿಗ್ರಿಗೂ ಹೆಚ್ಚು ಪಶ್ಚಿಮಕ್ಕಿದೆ. ಕೋಲು ನೆಟ್ಟು ಕಾದ ಮಗುವಿಗೆ ರೇಖಾಂಶವೆಂದರೇನು ಎಂದು ಮತ್ತೆ ಹೇಳಬೇಕಾಗಿಲ್ಲ.

ಮಣ್ಣಿನ ಪಾಠಕ್ಕಂತೂ ಮನೆಯಲ್ಲಿಯೇ ಗುರುಗಳಿದ್ದಾರೆ. ಮಸಾರಿ ಹೊಲ ಯಾವುದು, ಎರೆ ಹೊಲ ಯಾವುದು, ಸಜ್ಜೆಗೆ ಯಾವುದು ಒಗ್ಗುತ್ತದೆ, ಹಿಂಗಾರಿ ಬಿಳಿಜೋಳ ಎರೆಯ ತೇವವನ್ನೇ ನಂಬಿ ಹೇಗೆ ಬೆಳೆಯುತ್ತದೆ ಎಂಬುದನ್ನು ಯಲಬುರ್ಗಾ ಸೀಮೆಯ ಯಾವ ಅಜ್ಜಿಯಾದರೂ ಹೇಳಬಲ್ಲಳು. ರೋಹಿಣಿ, ಆರಿದ್ರಾ, ಉತ್ತರಿ, ಸ್ವಾತಿ ಮಳೆಗಳ ಲೆಕ್ಕ ಅವಳ ಬೆರಳ ತುದಿಯಲ್ಲಿದೆ. ಆ ತಿಳಿವಳಿಕೆ ಶಾಲೆಯ ಬಾಗಿಲಲ್ಲಿ ಚಪ್ಪಲಿಯೊಂದಿಗೆ ಹೊರಗೇ ಉಳಿಯುತ್ತಿದೆ.

ಇನ್ನೊಂದು ಬಗೆಯ ತಿಳಿವಳಿಕೆಯೂ ಹೊರಗೆ ಉಳಿಯುತ್ತಿದೆ, ಅದು ಹೆಚ್ಚು ನೋವಿನದು. ಬರ ಬಿದ್ದ ವರ್ಷಗಳಲ್ಲಿ ಕುಷ್ಟಗಿ, ಯಲಬುರ್ಗಾ ಕಡೆಯ ಕುಟುಂಬಗಳು ಮಂಗಳೂರು, ಗೋವಾ, ಬೆಂಗಳೂರುಗಳಿಗೆ ಗುಳೆ ಹೋಗುತ್ತವೆ, ಮಕ್ಕಳೂ ಜೊತೆಯಲ್ಲಿ. ತಿಂಗಳುಗಳ ಬಳಿಕ ಮರಳಿ ಬಂದ ಮಗು ಹಾಜರಿ ಪುಸ್ತಕದಲ್ಲಿ ‘ಗೈರು’, ಕಲಿಕೆಯಲ್ಲಿ ‘ಹಿಂದುಳಿದದ್ದು’. ಆದರೆ ಆ ತರಗತಿಯಲ್ಲಿ ಸಮುದ್ರವನ್ನು ಕಣ್ಣಾರೆ ಕಂಡ, ಘಟ್ಟವನ್ನು ಇಳಿದು ಏರಿದ, ಬಯಲು ಮುಗಿದು ಕಾಡು ಮೊದಲಾಗುವುದನ್ನು ಬಸ್ಸಿನ ಕಿಟಕಿಯಿಂದ ನೋಡಿದ ವಿದ್ಯಾರ್ಥಿ ಅದೊಂದೇ ಇರಬಹುದು. ಕರಾವಳಿ, ಮಲೆನಾಡು, ಬಯಲುಸೀಮೆ ಎಂಬ ಪಾಠವನ್ನು ಆ ದಿನ ಶಿಕ್ಷಕರ ಬದಲು ಆ ಮಗುವೇ ಹೇಳಲಿ. ಹಾಗೆಂದು ಗುಳೆಯನ್ನು ಶೈಕ್ಷಣಿಕ ಪ್ರವಾಸವೆಂದು ಬಣ್ಣಿಸುವುದು ಕ್ರೌರ್ಯವಾದೀತು. ಮಗು ಕಂಡದ್ದಕ್ಕೆ ಬೆಲೆ ಇದೆ, ಅದು ಹೋಗಬೇಕಾಗಿ ಬಂದದ್ದು ಅನ್ಯಾಯ. ಎರಡೂ ಏಕಕಾಲಕ್ಕೆ ನಿಜ.

ಇಷ್ಟನ್ನೂ ನೋಡಿದ ಮಕ್ಕಳು ಬರೆಯಬೇಕು. ನೋಟ್‌ಬುಕ್ಕಿನಲ್ಲಿ ಬರೆದು ಸಹಿಗಾಗಿ ಮೇಜಿನ ಮೇಲೆ ಇಡುವ ಬರೆಹವಲ್ಲ. ಯಾರಾದರೂ ಓದುವ, ಓದಿ ಮರುಪ್ರಶ್ನೆ ಹಾಕುವ ಬರೆಹ. ಶಾಲೆಯ ಹೊರಗೋಡೆಯ ಮೇಲೊಂದು ಗೋಡೆಪತ್ರಿಕೆ ಇದ್ದರೆ ಸಾಕು. ವಾರದ ಮಳೆಯ ಅಳತೆ, ಊರಿನ ಹಳ್ಳದ ನಕ್ಷೆ, ಯಾವ ಬೋರ್‌ವೆಲ್ ಎಷ್ಟು ಆಳಕ್ಕೆ ಹೋಯಿತೆಂಬ ಪಟ್ಟಿ ಅಲ್ಲಿ ಬರಲಿ. ಹಾಲಿನ ಡೇರಿಗೆ ಹೋಗುವವರು ನಿಂತು ಓದಿ ‘ಈ ಹಳ್ಳ ಹಿಂದೆ ಹೀಗೆ ಹರಿಯುತ್ತಿರಲಿಲ್ಲ’ ಎಂದು ತಿದ್ದಿದರೆ, ಮುಂದಿನ ವಾರದ ಬರೆಹಕ್ಕೆ ವಸ್ತು ಸಿಕ್ಕಿತು. ಗೋಡೆಪತ್ರಿಕೆಯ ಶತ್ರು ಒಂದೇ: ಅಂದವಾದ ಅಕ್ಷರದ ಇಬ್ಬರು ಮಕ್ಕಳಿಂದ ಶಿಕ್ಷಕರೇ ಹೇಳಿ ಬರೆಸುವ ಪರಿಪಾಠ. ಪರಿಸರ ದಿನಾಚರಣೆಯ ಘೋಷಣೆಗಳಿಂದ ತುಂಬಿದ ಹಲಗೆಗಿಂತ ಕಾಗುಣಿತ ತಪ್ಪಿದ ಒಂದು ನಿಜವಾದ ಮಳೆಯ ಅಳತೆ ಉತ್ತಮ.

ಇದಕ್ಕೆಲ್ಲ ಸಮಯವೆಲ್ಲಿ ಎಂಬ ಶಿಕ್ಷಕರ ಆಕ್ಷೇಪವನ್ನು ತಳ್ಳಿಹಾಕುವಂತಿಲ್ಲ. ಇಬ್ಬರೇ ಶಿಕ್ಷಕರು ಐದು ತರಗತಿಗಳನ್ನು ನಡೆಸುವ ಶಾಲೆಗಳಲ್ಲಿ ಬಿಸಿಯೂಟದ ಲೆಕ್ಕ, ಚುನಾವಣೆಯ ಕೆಲಸ, ಸಮೀಕ್ಷೆಗಳ ನಡುವೆ ಪಾಠವೇ ಉಳಿಯುವುದಿಲ್ಲ. ಆದರೆ ಮಳೆ ಅಳೆಯುವುದು ಗಣಿತದ ಅವಧಿ, ಬರೆಯುವುದು ಕನ್ನಡದ ಅವಧಿ. ಹೊಸ ಅವಧಿಯೊಂದನ್ನು ಯಾರೂ ಕೇಳುತ್ತಿಲ್ಲ. ಬಹುವರ್ಗ ಬೋಧನೆಯ ಶಾಲೆಯಲ್ಲಿ ದೊಡ್ಡ ಮಕ್ಕಳು ಅಳೆದು ಚಿಕ್ಕವರು ಚಿತ್ರ ಬಿಡಿಸುವುದು ಅನುಕೂಲವೇ ಹೊರತು ಅಡ್ಡಿಯಲ್ಲ. ಹಿರಿಯ ಅಧಿಕಾರಿಗಳು ಮಾಡಬೇಕಾದುದು ಒಂದೇ. ಮಕ್ಕಳನ್ನು ಹಳ್ಳದ ದಂಡೆಗೆ ಕರೆದೊಯ್ದ ಶಿಕ್ಷಕರಿಗೆ ಶಾಲೆ ಬಿಟ್ಟು ಹೋದರೆಂದು ನೋಟಿಸು ಕೊಡದಿರುವುದು.

ಈ ಸೀಮೆಯ ದೊಡ್ಡವರು ಈಗಾಗಲೇ ಭೂಗೋಳದ ಪ್ರಶ್ನೆಗಳನ್ನೇ ಬೀದಿಯಲ್ಲಿ ಕೇಳುತ್ತಿದ್ದಾರೆ. 2019ರಲ್ಲಿ ಗವಿಮಠದ ಸ್ವಾಮೀಜಿಯವರ ಮುಂದಾಳ್ತನದಲ್ಲಿ ಜನರೇ ಹಿರೇಹಳ್ಳದ ಹೂಳು, ಜಾಲಿ ತೆಗೆದರು. 2025ರ ಫೆಬ್ರವರಿ 24ರಂದು, ನಗರದ ಮಗ್ಗುಲಲ್ಲಿ ಬೃಹತ್ ಉಕ್ಕಿನ ಕಾರ್ಖಾನೆ ಬೇಡವೆಂದು ಕೊಪ್ಪಳ ಬಂದ್ ಆಯಿತು. ಹೊಗೆ ಯಾವ ತಿಂಗಳು ಯಾವ ಊರಿನತ್ತ ಬೀಸುತ್ತದೆ, ಬೂದಿ ಯಾವ ಹೊಲದಲ್ಲಿ ಇಳಿಯುತ್ತದೆ ಎಂಬುದು ಮಾರುತಗಳ ಪಾಠವಲ್ಲದೆ ಮತ್ತೇನು? ಒಂದು ದಾರದ ತುದಿಗೆ ಬಟ್ಟೆಯ ತುಂಡು ಕಟ್ಟಿ ವರ್ಷವಿಡೀ ಗಾಳಿಯ ದಿಕ್ಕನ್ನು ಬರೆದಿಟ್ಟ ಶಾಲೆಯ ಬಳಿ, ನಾಳೆ ಅಹವಾಲು ಸಭೆಯಲ್ಲಿ ಹೇಳಲು ಏನಾದರೂ ಇರುತ್ತದೆ.

ತುಂಗಭದ್ರಾ ಜಲಾಶಯದ ಸಂಗತಿಯಲ್ಲಿ ಮಲೆನಾಡು ಮತ್ತು ಬಯಲು ಎರಡಕ್ಕೂ ಪಾಲಿದೆ. 1953ರಲ್ಲಿ ಅಣೆಕಟ್ಟೆ ಪೂರ್ಣಗೊಂಡಾಗ 133 ಟಿಎಂಸಿ ಅಡಿ ಇದ್ದ ಸಂಗ್ರಹ ಸಾಮರ್ಥ್ಯವು ಹೂಳು ತುಂಬಿ ಸುಮಾರು 105 ಟಿಎಂಸಿ ಅಡಿಗೆ ಇಳಿದಿದೆ. 2024ರ ಆಗಸ್ಟ್ 10ರ ರಾತ್ರಿ 33 ಗೇಟುಗಳಲ್ಲಿ 19ನೆಯದು ಸರಪಳಿ ತುಂಡಾಗಿ ಕೊಚ್ಚಿಹೋದಾಗ ಇಡೀ ನಾಡು ತಲ್ಲಣಿಸಿತು. ವಾರದೊಳಗೆ ತಾತ್ಕಾಲಿಕ ಗೇಟು ಕೂರಿಸಲಾಯಿತು. ಹೂಳಿನಿಂದ ಸದ್ದಿಲ್ಲದೆ ಕಳೆದುಹೋದ 28 ಟಿಎಂಸಿ ಅಡಿಗೆ ಅಂತಹ ತಲ್ಲಣವಿಲ್ಲ. ಆ ಹೂಳು ಯಾವ ಬೆಟ್ಟದ, ಯಾವ ಗಣಿಯ, ಯಾವ ಹೊಲದ ಮಣ್ಣು? ಕುದುರೆಮುಖದ ಗಣಿಗಾರಿಕೆ 2005ರ ಕೊನೆಗೆ ನಿಲ್ಲುವವರೆಗೆ ಭದ್ರೆ ಕೆಂಪಾಗಿ ಹರಿಯುತ್ತಿದ್ದುದನ್ನು ಕಳಸದ ಹಿರಿಯರು ಬಲ್ಲರು. ಅದರಲ್ಲಿ ಎಷ್ಟನ್ನು ನಡುವಿನ ಲಕ್ಕವಳ್ಳಿಯ ಭದ್ರಾ ಅಣೆಕಟ್ಟೆ ತಡೆದಿರಬೇಕು, ಸಂಡೂರು ಸೀಮೆಯ ಗಣಿಮಣ್ಣಿನ ಪಾಲೆಷ್ಟು, ಉಳುಮೆಯ ಮಣ್ಣಿನ ಪಾಲೆಷ್ಟು ಎಂಬ ಪ್ರಶ್ನೆಗಳನ್ನು ಮಕ್ಕಳು ನಕ್ಷೆಯ ಮೇಲೆ ಬೆರಳಿಟ್ಟು ಕೇಳಬಹುದು.

ಇದಕ್ಕಾಗಿ ಮಲೆನಾಡಿನ ಒಂದು ಶಾಲೆ ಮತ್ತು ಕೊಪ್ಪಳ ಸೀಮೆಯ ಒಂದು ಶಾಲೆ ತಿಂಗಳಿಗೊಂದು ಪತ್ರ ಬರೆದುಕೊಳ್ಳಲಿ. ಜೂನಿನಲ್ಲಿ ಶೃಂಗೇರಿಯ ಕಡೆಯಿಂದ ಮಳೆಯ ಅಳತೆಯೂ ಹೊಳೆಯ ನೀರಿನ ಬಣ್ಣವೂ ಹೋಗಲಿ. ಜುಲೈಯಲ್ಲಿ ಗಂಗಾವತಿಯಿಂದ ಕಾಲುವೆಗೆ ನೀರು ಬಿಟ್ಟ ದಿನಾಂಕ, ಸವಳಾದ ಗದ್ದೆಗಳ ಸುದ್ದಿ, ಕಾಲುವೆಯ ಕೊನೆಯ ಭಾಗಕ್ಕೆ ನೀರು ಮುಟ್ಟಿತೋ ಇಲ್ಲವೋ ಎಂಬ ವರದಿ ಬರಲಿ. ಆಗಸ್ಟಿನಲ್ಲಿ ಎರಡು ಶಾಲೆಗಳೂ ಅಂಗಳದಲ್ಲಿ ಒಂದೊಂದು ಕೋಲು ನೆಡಲಿ. ಕೊಪ್ಪಳದಲ್ಲಿ ನೆರಳು ಮಾಯವಾದ ಸುಮಾರು ಒಂದು ವಾರದ ಬಳಿಕ ಶೃಂಗೇರಿಯಲ್ಲಿ ಮಾಯವಾಗಬೇಕು. ಆ ತಿಂಗಳು ಅಲ್ಲಿ ಮೋಡ ಕವಿದು ನೆರಳೇ ಬೀಳದಿದ್ದರೆ ಅದನ್ನೇ ಬರೆದು ಕಳುಹಿಸಲಿ. ಆ ಮೋಡದ ನೀರಿಗಾಗಿಯೇ ಕೆಳಗಿನವರು ಕಾಯುತ್ತಿರುತ್ತಾರೆ.