ಮೊದಲು ಬಂದದ್ದೇ ಬಸವಣ್ಣ

ಹೋದ ತಿಂಗಳು ವಚನಗಳ ಮೇಲೆ ಒಂದು ಲೇಖನ ಬಂತು. ಬರೆದವರು ಕಾಲೇಜಿನಲ್ಲಿ ಕನ್ನಡ ಪಾಠ ಮಾಡುವವರು. ಎರಡನೇ ಪುಟದಲ್ಲಿ ಬಸವಣ್ಣನದೆಂದು ಒಂದು ವಚನ ಹಾಕಿದ್ದರು. ಅದರ ಕೊನೆಯಲ್ಲಿ ‘ಗುಹೇಶ್ವರಾ’ ಎಂಬ ಅಂಕಿತ ಹಾಗೇ ಕೂತಿತ್ತು. ಫೋನ್ ಮಾಡಿ ಕೇಳಿದೆ. ‘ನೆಟ್ಟಲ್ಲಿ ಮೊದಲು ಬಂದದ್ದೇ ಅದು, ಸಾರ್’ ಅಂದರು. ದನಿಯಲ್ಲಿ ಅಳುಕಿನ ಸುಳಿವೂ ಇರಲಿಲ್ಲ. ಬಸವಣ್ಣನ ಅಂಕಿತ ಬದಲಾಯಿಸಿದ ಪ್ರಕರಣ ಸುಪ್ರೀಂ ಕೋರ್ಟಿನವರೆಗೂ ಹೋಗಿ 2017ರಲ್ಲಿ ಇತ್ಯರ್ಥವಾದ ನಾಡು ನಮ್ಮದು. ಇಲ್ಲಿ ಅಂಕಿತ ಇದ್ದಲ್ಲೇ ಇದೆ, ವಚನಕಾರರೇ ಬದಲಾಗಿದ್ದಾರೆ. ಯಾರಿಗೂ ಏನೂ ಅನಿಸಿಲ್ಲ.

ಹಟಕ್ಕೆ ಬಿದ್ದು ಆ ಸಾಲನ್ನು ಮೂರು ಸರ್ಚ್ ಎಂಜಿನ್ನುಗಳಲ್ಲಿ ಹಾಕಿ ನೋಡಿದೆ. ಹೆಸರು ಬೇಡ. ಮೊದಲನೆಯದು ಶುಭೋದಯದ ಚಿತ್ರಗಳನ್ನು ತಂದು ಸುರಿಯಿತು: ಸೂರ್ಯ, ಗುಲಾಬಿ, ಕೆಳಗೆ ಬಸವಣ್ಣ. ಎರಡನೆಯದು ಅವೇ ಪುಟಗಳನ್ನು ಹಿಂದುಮುಂದು ಮಾಡಿ ಕೊಟ್ಟಿತು. ಮೂರನೆಯದಕ್ಕೆ ನಾನು ಕೇಳಿದ್ದು ತೆಲುಗು ಅನ್ನಿಸಿತೋ ಏನೋ, ಹೈದರಾಬಾದಿನ ಕಲ್ಯಾಣಮಂಟಪವೊಂದರ ವಿಳಾಸ ತೋರಿಸಿತು.

ಇಂಥ ಹೊತ್ತಿನಲ್ಲಿ ನಮ್ಮ ಸಹೋದರ ಮಾಸಿಕವೊಂದು ‘ಗೂಗಲ್ ಬಿಡಿ’ ಎಂದು ಕರೆ ಕೊಟ್ಟಿದೆ. ಡಕ್‌ಡಕ್‌ಗೋ ಹಿಡಿಯಿರಿ, ಕನ್ನಡಕ್ಕೆ ಅದೇ ಮೇಲು ಎಂದು ಮೂರು ಪುಟ ಬರೆದಿದ್ದಾರೆ. ಸ್ವಾಮಿ, ಡಕ್‌ಡಕ್‌ಗೋ ತನ್ನ ಮಾಮೂಲು ಕೊಂಡಿಗಳಲ್ಲಿ ಬಹುಪಾಲನ್ನು ತರುವುದು ಮೈಕ್ರೋಸಾಫ್ಟಿನ ಬಿಂಗ್‌ನಿಂದ. ಯಾಹೂ ಕತೆಯೂ ಅಷ್ಟೆ. ಬೋರ್ಡು ಬೇರೆ ಬೇರೆ, ಅಡುಗೆಮನೆ ಒಂದೇ. ನಮ್ಮ ಬೆನ್ನು ಹತ್ತಿ ಲೆಕ್ಕ ಇಡುವುದಿಲ್ಲ ಎಂಬ ಕಾರಣಕ್ಕೆ ಅಲ್ಲಿಗೆ ಹೋಗುವವರು ಹೋಗಲಿ, ಅದು ಮರ್ಯಾದೆಯ ಕಾರಣ. ಕನ್ನಡದ ಹೆಸರು ಹೇಳಬೇಡಿ.

ಗೂಗಲ್ ಮೇಲೆ ನನಗೇನೂ ಮಮತೆ ಇಲ್ಲ. ಫೋನು, ಬ್ರೌಸರುಗಳಲ್ಲಿ ತಾನೇ ಮೊದಲು ಕಾಣಿಸಬೇಕೆಂದು 2021ರ ಒಂದೇ ವರ್ಷದಲ್ಲಿ 2,630 ಕೋಟಿ ಡಾಲರ್ ಕೊಟ್ಟದ್ದು ಅಮೆರಿಕದ ಕೋರ್ಟಿನಲ್ಲಿ ಬಯಲಾಯಿತು. 2024ರ ಆಗಸ್ಟಿನಲ್ಲಿ ನ್ಯಾಯಾಧೀಶ ಅಮಿತ್ ಮೆಹ್ತಾ ಇದು ಕಾನೂನುಬಾಹಿರ ಏಕಸ್ವಾಮ್ಯ ಎಂದು ತೀರ್ಪು ಕೊಟ್ಟರು. ಬಸ್ಸಿನ ಸೀಟಿಗೆ ಕಿಟಕಿಯಿಂದ ಟವೆಲ್ ಎಸೆಯುವುದರಲ್ಲಿ ನಮ್ಮವರನ್ನೂ ಮೀರಿಸಿದ ಕಂಪನಿ ಅದು.

ಆದರೂ ತಪ್ಪೆಲ್ಲ ಅದರ ತಲೆಗೆ ಕಟ್ಟಲು ನಾನು ಒಪ್ಪುವುದಿಲ್ಲ. 1998ರಲ್ಲಿ ಲ್ಯಾರಿ ಪೇಜ್, ಸರ್ಗೇ ಬ್ರಿನ್ ಹಾಕಿದ ಲೆಕ್ಕ ನೋಡಿ. ಒಂದು ಪುಟ ಇನ್ನೊಂದಕ್ಕೆ ಕೊಂಡಿ ಕೊಟ್ಟರೆ ಅದೊಂದು ಶಿಫಾರಸು. ದೊಡ್ಡವರು ಮಾಡಿದ ಶಿಫಾರಸಿಗೆ ತೂಕ ಜಾಸ್ತಿ. ಆಮೇಲೆ ಇನ್ನೂ ನೂರೆಂಟು ಲೆಕ್ಕ ಸೇರಿಕೊಂಡವು. ಬುಡದಲ್ಲಿರುವ ನಂಬಿಕೆ ಮಾತ್ರ ಒಂದೇ: ಎಲ್ಲಿ ಓದಿದೆವೆಂದು ಜನ ಹೇಳುತ್ತಾರೆ. ಕನ್ನಡದಲ್ಲಿ ಯಾರು ಹೇಳುತ್ತಾರೆ? ನಾವು ಕೊಂಡಿ ಕೊಡುವವರಲ್ಲ, ಎತ್ತಿಕೊಂಡು ಹೋಗುವವರು. ಒಬ್ಬ ತಪ್ಪು ಬರೆದರೆ ನಲವತ್ತು ಕಡೆ ಅದೇ ತಪ್ಪು, ಕಾಗುಣಿತದ ದೋಷ ಸಮೇತ. ಯಂತ್ರ ನಲವತ್ತು ಸಾಕ್ಷಿ ಸಿಕ್ಕವು ಅಂದುಕೊಂಡರೆ ಅದನ್ನು ಬೈದು ಏನು ಬಂತು?

ಅದೇ ವಚನವನ್ನು ‘ವಚನ ಸಂಚಯ’ದಲ್ಲಿ ಹಾಕಿದೆ. ಕೆಲವೇ ಮಂದಿ ತಮ್ಮ ಬಿಡುವಿನಲ್ಲಿ ಕಟ್ಟಿದ ತಾಣ; ಇಪ್ಪತ್ತು ಸಾವಿರಕ್ಕೂ ಮಿಕ್ಕ ವಚನಗಳಿವೆ. ಒಂದು ಪದ ಕೊಟ್ಟರೆ ಯಾರು, ಯಾವ ವಚನದಲ್ಲಿ ಬಳಸಿದ್ದಾರೆ ಎಂದು ತೋರಿಸುತ್ತದೆ. ಕಣ್ಣು ಮಿಟುಕಿಸುವಷ್ಟರಲ್ಲಿ ಅಲ್ಲಮ ಎದುರಿಗಿದ್ದ. ವಿ. ಕೃಷ್ಣ ಅವರು ಒಬ್ಬರೇ ಕೂತು ದಶಕಗಳ ಕಾಲ ಬರೆದ ‘ಅಲರ್’ ನಿಘಂಟೂ ಅಂಥದೇ. ಹೋಲಿಕೆ ಮಾಡಲೇಬೇಕೆಂದರೆ ಇವನ್ನು ಒಂದು ಕಡೆ ಇಟ್ಟು ದೈತ್ಯರನ್ನೆಲ್ಲ ಇನ್ನೊಂದು ಕಡೆ ನಿಲ್ಲಿಸಿ.

ಹೊರಗಿನವರು ಹೇಗೆ ಮಾಡಿದರು? 1997ರಲ್ಲಿ ಶುರುವಾದ ರಷ್ಯದ ಯಾಂಡೆಕ್ಸ್‌ಗೆ ರಷ್ಯನ್ ಪದ ಯಾವ ವಿಭಕ್ತಿಯ ವೇಷದಲ್ಲಿ ಬಂದರೂ ಗುರುತು ಸಿಗುತ್ತಿತ್ತು. ಅದರ ಬಲ ಇದ್ದದ್ದೇ ಅಲ್ಲಿ. ಕೊರಿಯದ ನೇವರ್‌ಗೆ ಹುಡುಕಲು ಕೊರಿಯನ್ ಪುಟಗಳೇ ಸಾಲಲಿಲ್ಲ. 2002ರಲ್ಲಿ ಜನರಿಂದಲೇ ಪ್ರಶ್ನೆ ಕೇಳಿಸಿ ಜನರಿಂದಲೇ ಉತ್ತರ ಬರೆಸಿತು. ಕೆರೆಯಲ್ಲಿ ನೀರಿಲ್ಲದಾಗ ಅವರು ಕೊಡ ಬದಲಾಯಿಸಲು ಹೋಗಲಿಲ್ಲ. ‘ಕೆರೆ’ ಎಂದು ಕೇಳಿದರೆ ಕೆರೆಗೆ, ಕೆರೆಯೊಳಗೆ, ಕೆರೆಯಂಗಳ, ಕೆರೆಗಳನ್ನೆಲ್ಲ ಅನ್ನುವವೂ ಬರುತ್ತವೆಯೇ? ಕನ್ನಡಕ್ಕೆ ಯಾವುದು ಮೇಲು ಎಂದು ಅಳೆಯುವವರು ಮೊದಲು ಇದನ್ನು ನೋಡಬೇಕು. ಆ ಮೂರು ಪುಟದಲ್ಲಿ ಇದರ ಬಗ್ಗೆ ಒಂದು ಸಾಲೂ ಇಲ್ಲ. ಬಣ್ಣದ ಕೋಷ್ಟಕ ಇದೆ.

2021ರ ಜೂನ್ ನೆನಪಿದೆಯಲ್ಲ? ಭಾರತದ ಅತಿ ಕುರೂಪ ಭಾಷೆ ಯಾವುದೆಂದು ಕೇಳಿದರೆ ಗೂಗಲ್ ಕನ್ನಡ ಎಂದು ತೋರಿಸುತ್ತಿತ್ತು. ನಾಡೇ ಎದ್ದಿತು, ಸಚಿವರು ನೋಟಿಸ್ ಕೊಡುತ್ತೇವೆಂದು ಗುಡುಗಿದರು, ಕಂಪನಿ ಕ್ಷಮೆ ಕೇಳಿತು, ಎಲ್ಲರೂ ಮನೆಗೆ ಹೋದೆವು. ಸಿಟ್ಟು ಸರಿಯಾದದ್ದೇ, ನಾನೂ ಇದೇ ಪುಟದಲ್ಲಿ ಕಿಡಿಕಾರಿದ್ದೆ. ಆದರೆ ಆ ಪ್ರಶ್ನೆ ಇಂಗ್ಲಿಷಿನದು, ಉತ್ತರವೂ ಇಂಗ್ಲಿಷಿನದು. ಕನ್ನಡದಲ್ಲಿ ಕೇಳಿದ್ದಕ್ಕೆ ಕಸ ಸಿಕ್ಕಿತೆಂದು ಈವರೆಗೆ ಒಂದು ಮೆರವಣಿಗೆಯೂ ಹೊರಟದ್ದನ್ನು ನಾನು ಕಂಡಿಲ್ಲ.

ನಮ್ಮ ಅಂಗಳವೇನೂ ಚೊಕ್ಕಟವಾಗಿಲ್ಲ. ನಮ್ಮ ತಾಣದಲ್ಲಿ ಹಳೆಯ ಸಂಚಿಕೆಗಳ ಪಿಡಿಎಫ್‌ಗಳಿವೆ, ಎಲ್ಲ ಹಳೆಯ ನುಡಿ ಫಾಂಟಿನಲ್ಲಿ ಡಿಟಿಪಿ ಆದವು. ಒಂದನ್ನು ತೆರೆದು ‘ಕನ್ನಡ’ ಎಂಬ ಪದವನ್ನೇ ಕಾಪಿ ಮಾಡಿ ಬೇರೆ ಕಡೆ ಅಂಟಿಸಿದೆ. ಬಂದದ್ದು ಇಂಗ್ಲಿಷಿನ ಪಿ, ತಲೆಯ ಮೇಲೆ ಗೀರು ಹೊತ್ತ ಎ, ಪೌಂಡಿನ ಗುರುತು, ಮತ್ತೆ ಗೀರಿನ ಎ, ಹೀಗೆ. ನಮ್ಮ ಕಣ್ಣಿಗೆ ಕನ್ನಡ, ಯಂತ್ರಕ್ಕೆ ಪೌಂಡು. ಸಹೋದರ ಮಾಸಿಕದವರೂ ತಮ್ಮ ಹಳೆಯ ಸಂಚಿಕೆಯೊಂದನ್ನು ಹೀಗೆ ಅಂಟಿಸಿ ನೋಡಲಿ.

ಈ ಸಲದ ವಿಶೇಷ ನಿಘಂಟುಗಳು, ಒಂಬತ್ತನೇ ಪುಟದಿಂದ. ವಚನದ ಲೇಖನ ಇದರಲ್ಲಿಲ್ಲ, ವಾಪಸು ಕಳಿಸಿದ್ದೇವೆ. ಹಳೆಯ ಸಂಚಿಕೆಗಳನ್ನು ಯೂನಿಕೋಡಿಗೆ ತರುವ ಕೆಲಸ ಶುರುವಾಗಿದೆ. ಪರಿವರ್ತಕ ಅರ್ಕಾವೊತ್ತು ಬಂದಲ್ಲೆಲ್ಲ ಎಡವುತ್ತದೆ, ಕೈಯಲ್ಲೇ ತಿದ್ದಬೇಕು. 2003ರ ಜನವರಿಯಿಂದ ಹಿಡಿದು ಮೊನ್ನೆ 2005ರ ಯುಗಾದಿ ಸಂಚಿಕೆ ಮುಟ್ಟಿದ್ದೇವೆ.