ರೋಡ್ ಕೆಟ್ಟಿದೆ, ಸರಿ. ಗಾಲಿ?

"ರೋಡೇ ಸರಿ ಇಲ್ಲ, ಅಲೈನ್‌ಮೆಂಟ್ ಮಾಡ್ಸಿ ಏನ್ ಮಾಡ್ಬೇಕೋ ತಮ್ಮಾ?"

ನಮ್ಮ ಇಟ್ಟಿಗಿ ಕಡೆ ಪಿಕಪ್ ಇಟ್ಟವರನ್ನ ಕೇಳಿ, ಬಹಳಷ್ಟು ಜನರದ್ದು ಇದೇ ಉತ್ತರ. ಕೇಳೋಕೆ ಜಾಣತನದ ಮಾತು, ಆದ್ರೆ ಪೂರ್ತಿ ತಲೆಕೆಳಗು. ನುಣ್ಣನೆ ರಸ್ತೆಯಲ್ಲಿ ಓಡೋ ಗಾಡಿಯ ಗಾಲಿ ಅಷ್ಟು ಬೇಗ ಓರೆಯಾಗಲ್ಲ. ಗುಂಡಿಗೆ ಬಿದ್ದು ಎದ್ದು ಓಡೋ ಗಾಡಿಗೇ ಅಲೈನ್‌ಮೆಂಟ್ ಜಾಸ್ತಿ ಬೇಕು. ಊರಲ್ಲಿ ಧೂಳು ಜಾಸ್ತಿ ಅಂತ ಯಾರಾದ್ರೂ ಕಸ ಗುಡಿಸೋದು ಬಿಡ್ತಾರಾ?

ಲೆಕ್ಕ ಹಾಕೋಣ. ಮುಂದಿನ ಗಾಲಿ ಓಡೋ ದಿಕ್ಕಿಗಿಂತ ಒಂದೇ ಡಿಗ್ರಿ ಓರೆಯಾಗಿದ್ರೂ, ಪ್ರತಿ ಕಿಲೋಮೀಟರಿಗೆ ಸುಮಾರು 17 ಮೀಟರಿನಷ್ಟು ಅಡ್ಡಕ್ಕೆ ಉಜ್ಜಿಕೊಂಡು ಹೋಗ್ತದೆ. 100 ಕಿಲೋಮೀಟರಿಗೆ 1.7 ಕಿಲೋಮೀಟರ್! ಹೊರಗಿಂದ ಬಟನ್ ಚೆನ್ನಾಗೇ ಕಾಣ್ತಿರ್ತದೆ, ಒಳಗಿನ ಅಂಚು ಬೋಳಾಗಿರ್ತದೆ. ಟೈರು ತನ್ನ ಕಾಯಿಲೆ ತಾನೇ ಹೇಳ್ತದೆ. ಒಂದೇ ಅಂಚು ಸವೆದಿದ್ರೆ ಅಲೈನ್‌ಮೆಂಟ್ ನೋಡಿಸಿ. ಎರಡೂ ಅಂಚು ಸವೆದಿದ್ರೆ ಗಾಳಿ ಕಮ್ಮಿ, ನಡುವೆ ಸವೆದಿದ್ರೆ ಗಾಳಿ ಜಾಸ್ತಿ.

"ದುಡ್ಡಿಲ್ಲ" ಅನ್ನೋದನ್ನೂ ನಾನು ಒಪ್ಪಲ್ಲ. ಲೋಡ್ ಹೊರಲಿ ಅಂತ ಹಿಂದೆ ಒಂದು ಪಟ್ಟಿ ಹೆಚ್ಚಿಗೆ ಹಾಕ್ಸೋಕೆ ದುಡ್ಡಿದೆ, ಸೌಂಡ್ ಬಾಕ್ಸಿಗೆ ದುಡ್ಡಿದೆ. ಅಲೈನ್‌ಮೆಂಟಿಗೆ ಆಗೋದು ನೂರರ ಲೆಕ್ಕ, ಹೊಸ ಟೈರಿಗೆ ಸಾವಿರದ ಲೆಕ್ಕ. ನಮ್ಮ ಹಿರಿಯರು ಬಂಡಿ ಕಟ್ಟಿಕೊಂಡು ಮೈಲಾರದ ಜಾತ್ರೆಗೆ ಹೊರಡೋ ಮುಂಚೆ ಅಚ್ಚಿಗೆ ಕೀಲೆಣ್ಣೆ ಹಾಕ್ತಿದ್ರು. ಗಾಲಿಯ ಕಬ್ಬಿಣದ ಪಟ್ಟಿ ಸಡಿಲಾದ್ರೆ ಕಮ್ಮಾರ ಕಾಯಿಸಿ ಬಿಗಿ ಮಾಡ್ತಿದ್ದ. ಅವರ ಕಾಲದ್ದೇನು ಎಕ್ಸ್‌ಪ್ರೆಸ್ ವೇ ಆಗಿತ್ತಾ?

ರಸ್ತೆ ಮಾಡದವರನ್ನ ಬಿಡಿ ಅಂತ ಅಲ್ಲ. 2021ರಲ್ಲಿ ವಿಜಯನಗರ ಜಿಲ್ಲೆ ಆಯ್ತು, ಜಿಲ್ಲಾ ಕಚೇರಿ ಬಳ್ಳಾರಿಯಿಂದ ಹೊಸಪೇಟೆಗೆ ಬಂತು. ಹೋಗಿ ಕೇಳೋಣ, ಜಗಳ ಆಡೋಣ. ಆದ್ರೆ ಗುಂಡಿ ಮುಚ್ಚೋವರೆಗೂ ಗಾಡಿ ಓಡಲೇಬೇಕಲ್ಲ? ಹಡಗಲಿ ಮಲ್ಲಿಗೆ ಗಿಡದಲ್ಲೇ ಕಾಯ್ತಾ ಕೂರಲ್ಲ.

ಮಲ್ಲಿಗೆ ಒಂದೇ ಆಗಿದ್ರೆ ನಾನಿಷ್ಟು ಕೂಗಾಡ್ತಿರಲಿಲ್ಲ. ಅದೇ ಪಿಕಪ್ಪಿನ ಹಿಂದೆ ಕೂಲಿಗೆ ಹೋಗೋ ಹೆಣ್ಮಕ್ಕಳು ನಿಂತಿರ್ತಾರೆ. ಗೂಡ್ಸ್ ಗಾಡಿಯಲ್ಲಿ ಹಾಗೆ ಜನರನ್ನ ಸಾಗಿಸೋದೇ ತಪ್ಪು, ಬೋಳು ಟೈರಿನ ಮೇಲೆ ಸಾಗಿಸೋದು ಇನ್ನೂ ದೊಡ್ಡ ತಪ್ಪು. ಟೈರ್ ಒಡೆದ್ರೆ ಡ್ರೈವರ್ ಕೈಯಲ್ಲಿ ಸ್ಟೇರಿಂಗ್ ಆದ್ರೂ ಇರ್ತದೆ. ಅವರ ಕೈಯಲ್ಲಿ ಬುತ್ತಿ ಬಿಟ್ಟು ಏನಿರ್ತದೆ?

ಈಗ ಬೆಂಗಳೂರಲ್ಲಿ ಕೂತು ಇದನ್ನ ಓದ್ತಿರೋ ನಿಮಗೆ. ಊರಿನ ಅಣ್ಣನಿಗೋ ಮಾವನಿಗೋ ಕೊಡಿಸಿದ ಗಾಡಿಯ ಇಎಂಐ ತಪ್ಪದೆ ಕಟ್ತೀರಿ. ಆ ಗಾಡಿಯ ಟೈರಿನ ವಯಸ್ಸು ಗೊತ್ತಾ? ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರ್ತದೆ. 2319 ಅಂದ್ರೆ 2019ರ 23ನೇ ವಾರದಲ್ಲಿ ತಯಾರಾದದ್ದು. ಬಟನ್ 1.6 ಮಿಲಿಮೀಟರಿಗೆ ಇಳಿದ್ರೆ ಟೈರಿನ ಆಯುಸ್ಸು ಮುಗೀತು. ಅದನ್ನ ತೋರಿಸೋ ಸಣ್ಣ ಗಟ್ಟೆಗಳು ಬಟನ್ನಿನ ಸಂದಿಯಲ್ಲೇ ಇವೆ. ಅಲೈನ್‌ಮೆಂಟ್ ಮಾಡೋ ಮುಂಚೆ ಬಾಲ್ ಜಾಯಿಂಟ್, ಬೇರಿಂಗ್ ಅಲುಗಾಡ್ತಿದೆಯಾ ನೋಡಿಸಿ. ಅವೇ ಸಡಿಲಾಗಿದ್ರೆ ಕೊಟ್ಟ ದುಡ್ಡು ನೀರಿಗೆ ಹೋಮ.

ಹಬ್ಬಕ್ಕೆ ಊರಿಗೆ ಹೋದಾಗ ಗಾಡಿ ಮುಂದೆ ಸೆಲ್ಫಿ ತಗೊಳ್ಳಿ, ಬೇಡ ಅನ್ನಲ್ಲ. ಆದ್ರೆ ಒಂದ್ಸಲ ಬಗ್ಗಿ ಟೈರಿನ ಒಳ ಅಂಚಿಗೆ ಕೈಯಾಡಿಸಿ. ತಂತಿ ಕೈಗೆ ಚುಚ್ಚಿದ್ರೆ, ಅವತ್ತು ಆ ಗಾಡಿ ಮನೆ ಮುಂದಿಂದ ಕದಲೋದು ಬೇಡ.