ಅಗ್ಗದ ಬಂದರು ನಗರ: ಯಾರ ಸಂಬಳಕ್ಕೆ ಅಗ್ಗ?

ಗೌರಿಬಿದನೂರು: ಆಂಧ್ರದ ಗಡಿಗೆ ಅಂಟಿಕೊಂಡಿರುವ ನಗರಗೆರೆ ಹೋಬಳಿಯ ವಿದ್ಯಾವಂತ ಯುವಜನರಿಗೆ ಬೆಂಗಳೂರು ಸಹಜವಾದ ಮುಂದಿನ ನಿಲ್ದಾಣ. ಅಲ್ಲಿನ ಬಾಡಿಗೆ ಮತ್ತು ಸಂಚಾರ ದಟ್ಟಣೆಯಿಂದ ಬೇಸತ್ತವರು ಈಗ ಯುರೋಪಿನತ್ತ ನೋಡುತ್ತಿದ್ದಾರೆ. ಲಂಡನ್ ದುಬಾರಿ ಎನ್ನುವವರ ಬಾಯಲ್ಲಿ ಕೇಳಿಬರುವ ಹೆಸರು ಪೋರ್ಚುಗಲ್‌ನ ಬಂದರು ನಗರ ಪೋರ್ಟೊ.

ಪೋರ್ಟೊ ಅಗ್ಗವೆಂಬುದು ಅರ್ಧಸತ್ಯ. ಪಶ್ಚಿಮ ಯುರೋಪಿನ ದೊಡ್ಡ ನಗರಗಳಿಗೆ ಹೋಲಿಸಿದರೆ ಜೀವನವೆಚ್ಚ ಕಡಿಮೆ, ನಿಜ. ಆದರೆ ಸಂಬಳವೂ ಕಡಿಮೆ. 2025ರಲ್ಲಿ ಪೋರ್ಚುಗಲ್‌ನ ಕನಿಷ್ಠ ವೇತನ ತಿಂಗಳಿಗೆ 870 ಯೂರೊ. ಅದೇ ವರ್ಷ ಜರ್ಮನಿಯಲ್ಲಿ ಗಂಟೆಗೆ 12.82 ಯೂರೊ, ಪೂರ್ಣಾವಧಿ ದುಡಿದರೆ ತಿಂಗಳಿಗೆ 2,200 ಯೂರೊ ದಾಟುತ್ತದೆ. ಪ್ರವಾಸಿಗರ ಒತ್ತಡದಿಂದ ಪೋರ್ಟೊದ ಬಾಡಿಗೆಯೂ ಏರಿದ್ದು, ಸ್ಥಳೀಯರೇ ಬೀದಿಗಿಳಿದು ಪ್ರತಿಭಟಿಸಿದ್ದಾರೆ.

ವೀಸಾ ಹೇಳುವ ಸತ್ಯ

ಹೊರದೇಶದ ಸಂಸ್ಥೆಗಾಗಿ ದೂರದಿಂದ ದುಡಿಯುವವರಿಗೆ ಪೋರ್ಚುಗಲ್ 2022ರ ಅಕ್ಟೋಬರ್‌ನಲ್ಲಿ ಪ್ರತ್ಯೇಕ ವೀಸಾ ಆರಂಭಿಸಿತು. ಇದಕ್ಕೆ ಕನಿಷ್ಠ ವೇತನದ ನಾಲ್ಕು ಪಟ್ಟು ಆದಾಯ ಬೇಕು. 2025ರ ಲೆಕ್ಕದಲ್ಲಿ ಅದು 3,480 ಯೂರೊ, ಅಂದರೆ ತಿಂಗಳಿಗೆ ಸುಮಾರು ಮೂರೂವರೆ ಲಕ್ಷ ರೂಪಾಯಿ. ಹೊರಗೆ ಗಳಿಸಿ ಅಲ್ಲಿ ಖರ್ಚು ಮಾಡುವವರಿಗೆ ಮಾತ್ರ ನಗರ ಅಗ್ಗ ಎಂಬುದನ್ನು ಈ ನಿಯಮವೇ ಸಾರುತ್ತದೆ. ವರ್ಷದಲ್ಲಿ 183 ದಿನ ಮೀರಿ ನೆಲೆಸಿದರೆ ಅಲ್ಲಿನ ತೆರಿಗೆಯೂ ಅನ್ವಯಿಸುತ್ತದೆ.

ಪ್ರವಾಸಿಯಾಗಿ ಹೋಗಿ, ಕೆಲಸ ಹುಡುಕಿಕೊಂಡು, ನಂತರ ವಾಸದ ಪರವಾನಗಿ ಪಡೆಯುವ ಹಾದಿ 2024ರ ಜೂನ್‌ನಲ್ಲೇ ಮುಚ್ಚಿದೆ. ಹಳೆಯ ನಿಯಮ ಹೇಳಿ ಹಣ ಕೇಳುವ ಮಧ್ಯವರ್ತಿಗಳ ಬಗ್ಗೆ ಎಚ್ಚರ ಅಗತ್ಯ. ಇತ್ತ ಜರ್ಮನಿಯು ಭಾರತದ ಕುಶಲ ಕೆಲಸಗಾರರಿಗೆ ನೀಡುವ ವಾರ್ಷಿಕ ವೀಸಾಗಳ ಮಿತಿಯನ್ನು 20 ಸಾವಿರದಿಂದ 90 ಸಾವಿರಕ್ಕೆ ಏರಿಸುವುದಾಗಿ 2024ರ ಅಕ್ಟೋಬರ್‌ನಲ್ಲಿ ಪ್ರಕಟಿಸಿತು. ಹ್ಯಾಂಬರ್ಗ್ ದುಬಾರಿ ಬಂದರು. ಆದರೂ ಅಲ್ಲಿನ ಸಂಬಳದಲ್ಲಿ ಊರಿಗೆ ಕಳುಹಿಸಲು ಉಳಿಯುವ ಸಾಧ್ಯತೆ ಹೆಚ್ಚು.

ಮಗನನ್ನೋ ಮಗಳನ್ನೋ ಕಳುಹಿಸಲು ಜಮೀನು ಅಡವಿಡುವ ಕುಟುಂಬಕ್ಕೆ ಈ ವ್ಯತ್ಯಾಸವೇ ಮುಖ್ಯ. ಸಾಲದ ಕಂತು ರೂಪಾಯಿಯಲ್ಲಿದ್ದರೂ ತೀರುವುದು ಯೂರೊದ ಉಳಿತಾಯದಿಂದ. ಪೋರ್ಚುಗಲ್ ಮತ್ತು ಜರ್ಮನಿ ಎರಡರೊಂದಿಗೂ ಭಾರತದ ಸಾಮಾಜಿಕ ಭದ್ರತಾ ಒಪ್ಪಂದ 2017ರ ಮೇ ತಿಂಗಳಿನಿಂದ ಜಾರಿಯಲ್ಲಿರುವುದು ಪಿಂಚಣಿಯ ಮಟ್ಟಿಗೆ ಸಮಾಧಾನದ ಸಂಗತಿ. ಉಳಿದಂತೆ, ವಿಮಾನ ಹತ್ತುವ ಮುನ್ನ ಕೇಳಬೇಕಾದದ್ದು ಬಾಡಿಗೆ ಎಷ್ಟೆಂದಲ್ಲ. ಉದ್ಯೋಗದ ಕರಾರು ಕೈಯಲ್ಲಿದೆಯೇ, ಖರ್ಚು ಕಳೆದು ತಿಂಗಳಿಗೆ ಎಷ್ಟು ಉಳಿಯುತ್ತದೆ ಎಂದು.